ಸಾರಿನ ತಳದಲ್ಲಿ ಏನಿದೆ?



ಇವತ್ತು ಒಂದು ಹೊಸ ಮಾತು ಓದೋಣ. ಆ ಮಾತು ಪ್ರೋಟೀನು. ಒಡೆದು ಓದಿ: ಪ್ರೋ – ಟೀ – ನು. ಓದಲು ಹೊಸದು, ಕೇಳಲು ಹಳೆಯದು. ಅಂಗನವಾಡಿಯಲ್ಲಿ ಕೇಳಿದ್ದೀರಿ. ಆಸ್ಪತ್ರೆಯಲ್ಲಿ ಸಿಸ್ಟರ್ ಹೇಳಿರುತ್ತಾರೆ. ಟಿ.ವಿ.ಯಲ್ಲಂತೂ ದಿನಕ್ಕೆ ಹತ್ತು ಸಲ ಬರುತ್ತದೆ. ಶಾಲೆಯ ಪುಸ್ತಕದಲ್ಲಿ ಇದಕ್ಕೆ ಸಸಾರಜನಕ ಅಂತ ಬರೆದಿರುತ್ತಾರೆ. ನಾಲಿಗೆ ತಿರುಗದ ಮಾತು ಅದು. ನಾವು ಪ್ರೋಟೀನು ಅಂತಲೇ ಓದೋಣ.

ಪಾಠ ಶುರು ಮಾಡುವ ಮೊದಲು ನಾವು ಕೇಂದ್ರದಲ್ಲಿ ಒಂದು ಪ್ರಶ್ನೆ ಕೇಳಿದೆವು.

"ಮನೆಯಲ್ಲಿ ಸಾರು ಯಾರಿಗೆ ಮೊದಲು ಬಡಿಸ್ತೀರಿ?"

"ಮನೆಯವರಿಗೆ. ಆಮೇಲೆ ಮಕ್ಕಳಿಗೆ. ಅತ್ತೆ ಮಾವನಿಗೆ. ಕೊನೆಗೆ ನಾವು."

"ಸೌಟು ತಳಕ್ಕೆ ಬಿಟ್ಟು ಕಲಕಿ ಬಡಿಸ್ತೀರೋ, ಮೇಲಿನ ತಿಳಿ ಬಡಿಸ್ತೀರೋ?"

"ಅವರಿಗೆ ತಳದಿಂದ ಎತ್ತಿ ಹಾಕ್ತೀವಿ. ಕಾಳು ಬರಬೇಕಲ್ಲ!"

"ನಿಮಗೆ?"

ಎಲ್ಲರೂ ನಕ್ಕರು. ಒಬ್ಬಾಕೆ ಹೇಳಿದರು: "ನಮಗೆ ಏನುಳಿದ್ರೆ ಅದು. ಸಾಲದಿದ್ರೆ ಒಂದು ಲೋಟ ನೀರು ಬೆರೆಸಿ ಕುದಿಸಿಕೊಳ್ತೀವಿ."

ಈ ಪಾಠ ಆ ತಳದ ಕಾಳಿನ ವಿಚಾರ. ಕಾಳಿನಲ್ಲಿ ಪ್ರೋಟೀನು ಇದೆ. ಬೇಯಿಸಿದರೆ ಸ್ವಲ್ಪ ಕಟ್ಟಿನ ನೀರಿಗೆ ಬರುತ್ತದೆ. ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ. ತಿಳಿ ಸಾರು ರುಚಿ ಕೊಡುತ್ತದೆ, ಮುದ್ದೆ ಗಂಟಲಲ್ಲಿ ಇಳಿಯುತ್ತದೆ. ಆದರೆ ಮೈ ಕಟ್ಟುವ ಸಾಮಾನು ಅದರಲ್ಲಿ ಅಷ್ಟಾಗಿ ಇಲ್ಲ.

ಸೌದೆ ಮತ್ತು ಇಟ್ಟಿಗೆ

ಅನ್ನ, ಮುದ್ದೆ, ರೊಟ್ಟಿ, ಬೆಲ್ಲ ನಮ್ಮ ಮೈಗೆ ಸೌದೆ ಇದ್ದ ಹಾಗೆ. ಉರಿದು ಶಕ್ತಿ ಕೊಡುತ್ತವೆ. ಎಣ್ಣೆ, ತುಪ್ಪವೂ ಸೌದೆಯೇ. ಇನ್ನೂ ಜೋರಾಗಿ ಉರಿಯುವ ಸೌದೆ. ಪ್ರೋಟೀನು ಮಾತ್ರ ಇಟ್ಟಿಗೆ ಮತ್ತು ಗಾರೆ ಇದ್ದ ಹಾಗೆ. ಮಾಂಸ, ಚರ್ಮ, ಕೂದಲು, ಉಗುರು, ರಕ್ತ, ಎಲ್ಲ ಕಡೆ ಪ್ರೋಟೀನು ಇದೆ. ಮೂಳೆಯಲ್ಲೂ ಇದೆ. ಸುಣ್ಣದ ಅಂಶ ಅಂಟಿಕೊಂಡು ನಿಲ್ಲುವುದು ಪ್ರೋಟೀನಿನ ನಾರಿನ ಮೇಲೆಯೇ.

"ಮೈ ಬೆಳೆದು ಆಗಿದೆ. ಇನ್ನು ನಮಗೇಕೆ ಇಟ್ಟಿಗೆ? ಮಕ್ಕಳಿಗೆ ಕೊಟ್ಟರೆ ಸಾಲದೇ?" ಹೀಗೆ ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ನಮ್ಮ ಮೈ ಮಣ್ಣಿನ ಗೋಡೆಯ ಮನೆ ಇದ್ದ ಹಾಗೆ. ದಿನಾ ಸ್ವಲ್ಪ ಸವೆಯುತ್ತದೆ, ದಿನಾ ಮೆತ್ತಬೇಕು. ರಕ್ತದ ಒಂದು ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಅದು ಹೋದ ಮೇಲೆ ಇನ್ನೊಂದು ಹುಟ್ಟಬೇಕು. ಕರುಳಿನ ಒಳಪದರ ಕೆಲವೇ ದಿನಕ್ಕೆ ಹೊಸದಾಗುತ್ತದೆ. ಮೈ ಉಜ್ಜಿದಾಗ ಚರ್ಮದ ಪುಡಿ ಉದುರುತ್ತದೆ. ಇದನ್ನೆಲ್ಲ ಮತ್ತೆ ಕಟ್ಟಲು ದಿನಾ ಪ್ರೋಟೀನು ಬೇಕು.

ಇನ್ನೊಂದು ಮಾತು. ಕೊಬ್ಬನ್ನು ಮೈ ಕೂಡಿಡುತ್ತದೆ. ಪ್ರೋಟೀನಿಗೆ ಅಂಥ ಕಣಜ ಇಲ್ಲ. ಹೊಟ್ಟೆಗೆ ಸಾಲದೇ ಹೋದರೆ ಮೈ ತನ್ನ ಮಾಂಸವನ್ನೇ ಕರಗಿಸಿಕೊಳ್ಳುತ್ತದೆ. ಸೌದೆ ಇಲ್ಲ ಅಂತ ಮನೆಯ ತೊಲೆ ಕಿತ್ತು ಉರಿಸಿದ ಹಾಗೆ. ಅದಕ್ಕೇ ಮುದ್ದೆ, ಅನ್ನವೂ ಹೊಟ್ಟೆ ತುಂಬ ಬೇಕು, ಕಾಳೂ ಬೇಕು.

ಸರ, ರಸ, ಮರ

ಪ್ರೋಟೀನು ನೋಡಲು ಹೇಗಿರುತ್ತದೆ? ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು. ಆದರೆ ಹೇಗಿದೆ ಅಂತ ವಿಜ್ಞಾನಿಗಳು ಕಂಡುಹಿಡಿದಿದ್ದಾರೆ. ಅದು ಒಂದು ಮಣಿಸರ. ಮಣಿಗಳಿಗೆ ಅಮೈನೋ ಆಮ್ಲ ಅಂತ ಹೆಸರು. 20 ಬಗೆಯ ಮಣಿಗಳಿವೆ.

ಬರೀ 20 ಬಗೆಯ ಮಣಿಯಿಂದ ಕೂದಲೂ ಆಗುತ್ತದೆ, ರಕ್ತವೂ ಆಗುತ್ತದೆ. ಅದು ಹೇಗೆ? ನಿಮಗೆ ಇದು ಬೇಗ ತಿಳಿಯುತ್ತದೆ. ಯಾಕೆಂದರೆ ನೀವು ಈಗ ಅಕ್ಷರ ಕಲಿತವರು. ಕನ್ನಡದಲ್ಲಿ 49 ಅಕ್ಷರ. ಅಷ್ಟರಲ್ಲೇ ಲಗ್ನಪತ್ರಿಕೆಯನ್ನೂ ಬರೆಯುತ್ತೇವೆ, ಸಾಲದ ಪತ್ರವನ್ನೂ ಬರೆಯುತ್ತೇವೆ. ಅಕ್ಷರ ಜೋಡಿಸುವ ಸಾಲು ಬೇರೆ, ಅಷ್ಟೇ.

ಪಾಟಿಯ ಮೇಲೆ ಬರೆಯಿರಿ: ಸರ.
ಅದನ್ನೇ ತಿರುಗಿಸಿ ಬರೆಯಿರಿ: ರಸ.
ಒಂದು ಅಕ್ಷರ ಬದಲಿಸಿ: ಮರ.

ಸರ ಕತ್ತಿನಲ್ಲಿರುತ್ತದೆ. ರಸ ಲೋಟದಲ್ಲಿರುತ್ತದೆ. ಮರ ಹಿತ್ತಲಲ್ಲಿರುತ್ತದೆ. ಎರಡೇ ಅಕ್ಷರದಲ್ಲಿ ಇಷ್ಟು ವ್ಯತ್ಯಾಸ ಆಗುತ್ತದೆ. ಪ್ರೋಟೀನಿನಲ್ಲಿ ನೂರಾರು ಮಣಿ ಇರುತ್ತವೆ. ಒಂದು ಮಣಿ ಆಚೀಚೆ ಆದರೂ ಅರ್ಥ ಕೆಡಬಹುದು.

ನಿಜವಾಗಿ ಹಾಗೆ ಕೆಡುವುದೂ ಉಂಟು. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಪ್ರೋಟೀನು ಹಿಮೋಗ್ಲೋಬಿನ್. ಆಸ್ಪತ್ರೆಯ ಚೀಟಿಯಲ್ಲಿ ಎಚ್.ಬಿ. ಅಂತ ಬರೆಯುತ್ತಾರಲ್ಲ, ಅದೇ. ಅದರಲ್ಲಿ ನಾಲ್ಕು ಸರ ಇವೆ. ಎರಡು ಸರದಲ್ಲಿ 141 ಮಣಿ, ಇನ್ನೆರಡು ಸರದಲ್ಲಿ 146 ಮಣಿ. ಈ 146 ಮಣಿಯ ಸರದಲ್ಲಿ ಆರನೆಯ ಮಣಿ ಒಂದು ಬದಲಾದರೆ ಸಾಕು, ದುಂಡಗಿರಬೇಕಾದ ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆ. ಬಾಗಿದ ಕಣ ಸಣ್ಣ ನರದಲ್ಲಿ ಸಿಕ್ಕಿಕೊಳ್ಳುತ್ತದೆ. ಕೈಕಾಲು, ಎದೆ, ಬೆನ್ನು ಸಹಿಸಲಾರದಷ್ಟು ನೋಯುತ್ತವೆ. ಇದಕ್ಕೆ ಸಿಕಲ್ ಸೆಲ್ ಕಾಯಿಲೆ ಅನ್ನುತ್ತಾರೆ. ಮೈಸೂರು, ಚಾಮರಾಜನಗರ, ಕೊಡಗಿನ ಆದಿವಾಸಿ ಹಾಡಿಗಳಲ್ಲಿ ಈ ಕಾಯಿಲೆಯವರು ಇದ್ದಾರೆ. ಇದು ಯಾರ ಶಾಪವೂ ಅಲ್ಲ, ಮಾಟವೂ ಅಲ್ಲ. ತಾಯಿಯಿಂದ ಒಂದು, ತಂದೆಯಿಂದ ಒಂದು ತಪ್ಪು ಬರಹ ಬಂದಾಗ ಮಗುವಿಗೆ ಬರುವ ಕಾಯಿಲೆ. ತಾಯಿಯೊಬ್ಬಳನ್ನೇ ದೂರುವವರಿಗೆ ಈ ಮಾತು ಓದಿ ಹೇಳಿ. ರಕ್ತ ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ. ದೇಶದಲ್ಲಿ ಇದನ್ನು ತಡೆಯುವ ಸರ್ಕಾರದ ಅಭಿಯಾನ 2023ರಲ್ಲಿ ಶುರುವಾಯಿತು.

ಸುರುಳಿ, ನೆರಿಗೆ, ಜಡೆ

ಮಣಿಸರ ಉದ್ದಕ್ಕೆ ಬಿದ್ದಿರುವುದಿಲ್ಲ. ಸುತ್ತಿಕೊಳ್ಳುತ್ತದೆ, ಮಡಚಿಕೊಳ್ಳುತ್ತದೆ. ಹೇಗೆ ಮಡಚಿದೆ ಅನ್ನುವುದರ ಮೇಲೆ ಅದರ ಕೆಲಸ. ಇದನ್ನು ತಿಳಿಯಲು ದೊಡ್ಡ ಪುಸ್ತಕ ಬೇಡ. ನಿಮ್ಮ ಮೈಮೇಲೇ ನೋಡಿಕೊಳ್ಳಿ.

ತಲೆಕೂದಲಿನ ಪ್ರೋಟೀನು ಸುರುಳಿ ಸುರುಳಿ. ಒದ್ದೆ ಕೂದಲನ್ನು ಮೆಲ್ಲಗೆ ಎಳೆದರೆ ಸ್ವಲ್ಪ ಹಿಗ್ಗುತ್ತದೆ. ಒಳಗಿನ ಸುರುಳಿ ಬಿಚ್ಚಿಕೊಳ್ಳುವುದೇ ಅದಕ್ಕೆ ಕಾರಣ.

ರೇಷ್ಮೆಯೂ ಪ್ರೋಟೀನೇ. ಹಿಪ್ಪುನೇರಳೆ ಸೊಪ್ಪು ತಿಂದ ಹುಳು ಅದನ್ನು ನೂಲು ಮಾಡುತ್ತದೆ. ರೇಷ್ಮೆಯ ಸರಗಳು ಸೀರೆಯ ನೆರಿಗೆಯ ಹಾಗೆ ಒಂದರ ಪಕ್ಕ ಒಂದು ಮಡಚಿ ಕೂತಿರುತ್ತವೆ. ಹಾಗಾಗಿ ಎಳೆ ತೆಳುವಾದರೂ ಗಟ್ಟಿ. ರಾಮನಗರ, ಶಿಡ್ಲಘಟ್ಟದ ಕಡೆಯ ಅಕ್ಕಂದಿರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಗೂಡನ್ನು ಬಿಸಿನೀರಿಗೆ ಹಾಕಿದರೆ ಮೇಲಿನ ಅಂಟು ಬಿಡುತ್ತದೆ, ಎಳೆ ಸಿಗುತ್ತದೆ. ಆ ಅಂಟೂ ಇನ್ನೊಂದು ಬಗೆಯ ಪ್ರೋಟೀನು. ಸೀರೆ ಕೊಳ್ಳುವಾಗ ಒಂದೆರಡು ಎಳೆ ಸುಟ್ಟು ನೋಡುತ್ತಾರಲ್ಲ, ಕೂದಲು ಸುಟ್ಟ ವಾಸನೆ ಬಂದರೆ ಅಸಲಿ ರೇಷ್ಮೆ ಅಂತ. ಕೂದಲಿಗೂ ರೇಷ್ಮೆಗೂ ಒಂದೇ ವಾಸನೆ, ಯಾಕೆಂದರೆ ಎರಡೂ ಪ್ರೋಟೀನು. ಹತ್ತಿ ನೂಲು ಪ್ರೋಟೀನಲ್ಲ. ಅದು ಸುಟ್ಟರೆ ಕಾಗದ ಸುಟ್ಟ ಹಾಗೆ.

ಇನ್ನು ಜಡೆ. ಚರ್ಮದಲ್ಲಿ, ಮೂಳೆಯಲ್ಲಿ, ಕೀಲಿನ ನಾರಿನಲ್ಲಿ ಕೊಲಾಜೆನ್ ಅನ್ನುವ ಪ್ರೋಟೀನು ಇದೆ. ನಮ್ಮ ಮೈಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಇರುವ ಪ್ರೋಟೀನು ಇದೇ. ಮೂರು ಸರಗಳು ಹೆಣೆದುಕೊಂಡು ಹಗ್ಗದಂತೆ ಇರುತ್ತವೆ, ಮೂರು ಕಾಲಿನ ಜಡೆ ಹಾಕಿದಂತೆ. ಹೀಗಿದೆ ಅಂತ 1954ರಲ್ಲಿ ತೋರಿಸಿದವರು ನಮ್ಮ ದೇಶದವರೇ. ಜಿ.ಎನ್. ರಾಮಚಂದ್ರನ್ ಮತ್ತು ಅವರ ಜೊತೆಗಾರ ಗೋಪಿನಾಥ್ ಕರ್ತಾ. ಆಗ ಅವರು ಮದರಾಸಿನಲ್ಲಿದ್ದರು. ರಾಮಚಂದ್ರನ್ ಮೊದಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದವರು. ಮುಂದೆ ಅಲ್ಲಿಗೇ ಬಂದು ಕೆಲಸ ಮಾಡಿದರು. ಲೋಕದ ದೊಡ್ಡ ದೊಡ್ಡ ಪ್ರಯೋಗಾಲಯಗಳು ಹುಡುಕುತ್ತಿದ್ದ ಉತ್ತರ ಇಲ್ಲಿ ಸಿಕ್ಕಿತು. ಜಡೆ ಹೆಣೆಯುವಾಗ ಒಮ್ಮೆ ಅವರನ್ನು ನೆನೆಯಬಹುದು.

ಕೂದಲು, ರೇಷ್ಮೆ, ಕೊಲಾಜೆನ್ ಇವು ನಾರಿನ ಜಾತಿಯ ಪ್ರೋಟೀನುಗಳು. ನೀರಿನಲ್ಲಿ ಕರಗುವುದಿಲ್ಲ. ಕಟ್ಟುವುದು, ಬಿಗಿಯುವುದು ಇವುಗಳ ಕೆಲಸ. ಇನ್ನೊಂದು ಉಂಡೆಯ ಜಾತಿ. ನೂಲಿನ ಉಂಡೆಯ ಹಾಗೆ ಸುತ್ತಿಕೊಂಡಿರುತ್ತವೆ. ರಕ್ತದಲ್ಲಿ, ಹಾಲಿನಲ್ಲಿ, ಮೊಟ್ಟೆಯ ಬಿಳಿಯಲ್ಲಿ ಇರುವಂಥವು ಹೆಚ್ಚಾಗಿ ಈ ಜಾತಿ.

ಉಂಡೆ ಬಿಚ್ಚಿದರೆ ಏನಾಗುತ್ತದೆ? ಮೊಟ್ಟೆ ಒಡೆದು ಕಾವಲಿಗೆ ಹಾಕಿ ನೋಡಿ. ನೀರಿನಂತಿದ್ದದ್ದು ಬಿಳಿಯಾಗಿ ಗಟ್ಟಿಯಾಗುತ್ತದೆ. ಬಿಸಿಗೆ ಉಂಡೆಗಳು ಬಿಚ್ಚಿ, ಒಂದಕ್ಕೊಂದು ಸಿಕ್ಕುಬಿದ್ದವು. ಮತ್ತೆ ತಣ್ಣಗೆ ಮಾಡಿದರೂ ಹಳೆಯ ರೂಪಕ್ಕೆ ಬರುವುದಿಲ್ಲ. ಹಾಲಿಗೆ ನಿಂಬೆಹುಳಿ ಬಿದ್ದು ಒಡೆಯುವುದೂ ಪ್ರೋಟೀನಿನ ಆಟವೇ. ಮಣಿಗಳು ಮಾತ್ರ ಎಲ್ಲೂ ಹೋಗಿರುವುದಿಲ್ಲ. ಹಾಗಾಗಿ ಬೇಯಿಸಿದ ಮೊಟ್ಟೆಯಲ್ಲಿ ಸತ್ವ ಹೋಯಿತು ಅನ್ನುವ ಮಾತು ಸರಿಯಲ್ಲ. ಬೇಯಿಸಿದರೇ ಚೆನ್ನಾಗಿ ಜೀರ್ಣ ಆಗುತ್ತದೆ. ಕಾಳಿಗೂ ಇದೇ ಮಾತು.

ಕತ್ತರಿಸುವವರು, ಹೊರುವವರು, ಕಾಯುವವರು

ಪ್ರೋಟೀನು ಬರೀ ಗೋಡೆಯಾಗಿ ನಿಲ್ಲುವುದಿಲ್ಲ, ಕೆಲಸವನ್ನೂ ಮಾಡುತ್ತದೆ. ಒಂದು ತುತ್ತು ಅನ್ನವನ್ನು ನುಂಗದೆ ತುಂಬ ಹೊತ್ತು ಅಗಿಯಿರಿ. ಸಿಹಿ ಆಗುತ್ತದೆ. ಎಂಜಲಿನಲ್ಲಿ ಇರುವ ಒಂದು ಪ್ರೋಟೀನು ಅನ್ನದ ಹಿಟ್ಟನ್ನು ಸಣ್ಣ ಸಕ್ಕರೆಯಾಗಿ ಕತ್ತರಿಸುತ್ತದೆ. ಇಂಥ ಕತ್ತರಿಸುವ, ಜೋಡಿಸುವ ಪ್ರೋಟೀನುಗಳಿಗೆ ಕಿಣ್ವ ಅಂತ ಹೆಸರು. ಮೊಳಕೆ ಬಂದ ರಾಗಿಯಲ್ಲೂ ಇಂಥದೇ ಕಿಣ್ವ ಏಳುತ್ತದೆ. ಮೊಳಕೆ ರಾಗಿಯ ಸರಿ ತೆಳ್ಳಗೆ ಆಗುತ್ತದಲ್ಲ, ಅದರ ಕೆಲಸವೇ. ಮಗು ಸುಲಭವಾಗಿ ನುಂಗುತ್ತದೆ. ಅದೇ ಬಟ್ಟಲಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ.

ಹೊರುವ ಪ್ರೋಟೀನು ಹಿಮೋಗ್ಲೋಬಿನ್. ಉಸಿರಿನ ಆಮ್ಲಜನಕವನ್ನು ಮೈಯ ಮೂಲೆ ಮೂಲೆಗೆ ಹೊರುತ್ತದೆ. ಅದಕ್ಕೆ ಕಬ್ಬಿಣದ ಅಂಶವೂ ಬೇಕು. ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆ ತಿನ್ನಲೇಬೇಕು. ಮಾತ್ರೆ ತಿಂದು ಕಾಳು ಬಿಟ್ಟರೆ, ಮೊಳೆ ತಂದು ಮರ ತರದೆ ಬಾಗಿಲು ಮಾಡಲು ಹೊರಟ ಹಾಗೆ.

ಸುದ್ದಿ ಒಯ್ಯುವ ಪ್ರೋಟೀನೂ ಇದೆ. ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಇನ್ಸುಲಿನ್ ಗೊತ್ತಲ್ಲ? ಅದು 51 ಮಣಿಗಳ ಚಿಕ್ಕ ಪ್ರೋಟೀನು. ಅದರ ಮಣಿಗಳ ಸಾಲನ್ನು ಪೂರ್ತಿ ಓದಿದವರು ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್. ಅದಕ್ಕೆ 1958ರಲ್ಲಿ ನೊಬೆಲ್ ಬಹುಮಾನ ಬಂತು. "ಸೂಜಿ ಯಾಕೆ, ಮಾತ್ರೆ ಕೊಡಬಾರದೇ?" ಅಂತ ಒಬ್ಬ ಅಜ್ಜಿ ಕೇಳಿದರು. ಇನ್ಸುಲಿನ್ ನುಂಗಿದರೆ ಹೊಟ್ಟೆ ಅದನ್ನೂ ಬೇಳೆಯ ಹಾಗೆ ಕತ್ತರಿಸಿ ಜೀರ್ಣ ಮಾಡಿಬಿಡುತ್ತದೆ. ಅದಕ್ಕೇ ಸೂಜಿ.

ಕಾಯುವ ಪ್ರೋಟೀನು ರೋಗದ ಕ್ರಿಮಿಯನ್ನು ಹಿಡಿಯುತ್ತದೆ. ಲಸಿಕೆ ಹಾಕಿಸಿದಾಗ ಮೈ ಈ ಕಾವಲುಗಾರರನ್ನು ತಯಾರು ಮಾಡಿ ಇಟ್ಟುಕೊಳ್ಳುತ್ತದೆ. ಹೆರಿಗೆಯಾದ ಮೊದಲ ದಿನಗಳಲ್ಲಿ ಬರುವ ಹಳದಿ ಹಾಲಿನಲ್ಲಿ ಈ ಕಾವಲುಗಾರರು ತುಂಬಿರುತ್ತಾರೆ. ಅದನ್ನು ಕೆಟ್ಟ ಹಾಲು ಅಂತ ಹಿಂಡಿ ಚೆಲ್ಲುವ ಮನೆಗಳು ಇನ್ನೂ ಇವೆ. ಹಸುವಿನ ಗಿಣ್ಣುಹಾಲನ್ನು ಬೆಲ್ಲ ಹಾಕಿ ತಿನ್ನುತ್ತೇವೆ, ಕೂಸಿನ ಗಿಣ್ಣುಹಾಲನ್ನು ಮಾತ್ರ ಚೆಲ್ಲುತ್ತೇವೆ! ದಯವಿಟ್ಟು ಚೆಲ್ಲಬೇಡಿ. ಹುಟ್ಟಿದ ಒಂದು ಗಂಟೆಯೊಳಗೆ ಮಗುವಿಗೆ ಎದೆ ಹಾಲು ಕೊಡಿ.

ಕಾಳೂ ಕೂಳೂ ಜೊತೆ

ನಾವು ಬೇಳೆ ತಿಂದರೆ ಅದು ಹಾಗೇ ಹೋಗಿ ಮೈಗೆ ಅಂಟುವುದಿಲ್ಲ. ಹೊಟ್ಟೆ ಮತ್ತು ಕರುಳು ಸರವನ್ನು ಕತ್ತರಿಸಿ ಮಣಿ ಬಿಡಿಸುತ್ತವೆ. ಆ ಮಣಿಯಿಂದ ಮೈ ತನಗೆ ಬೇಕಾದ ಸರ ಪೋಣಿಸಿಕೊಳ್ಳುತ್ತದೆ. 20ರಲ್ಲಿ 11 ಬಗೆಯ ಮಣಿಗಳನ್ನು ಮೈ ತಾನೇ ಮಾಡಿಕೊಳ್ಳಬಲ್ಲದು. ಉಳಿದ 9 ಊಟದಿಂದಲೇ ಬರಬೇಕು.

ಮೊಟ್ಟೆ, ಹಾಲು, ಮೀನು, ಮಾಂಸದಲ್ಲಿ ಈ 9 ಬೇಕಾದಷ್ಟು ಇವೆ. ರಾಗಿ, ಅಕ್ಕಿ, ಜೋಳದಲ್ಲಿ ಲೈಸಿನ್ ಅನ್ನುವ ಮಣಿ ಕಡಿಮೆ. ಬೇಳೆ ಕಾಳಿನಲ್ಲಿ ಲೈಸಿನ್ ಹೇರಳ. ಆದರೆ ಮೆಥಿಯೋನಿನ್ ಅನ್ನುವ ಇನ್ನೊಂದು ಮಣಿ ಕಡಿಮೆ. ಅದು ರಾಗಿ, ಅಕ್ಕಿಯಲ್ಲಿ ಇದೆ. ಹೂ ಕಟ್ಟುವವರಿಗೆ ಇದು ಗೊತ್ತು. ಮಲ್ಲಿಗೆ, ಕನಕಾಂಬರ ಬೆರೆಸಿ ಮಾಲೆ ಕಟ್ಟುವಾಗ ಕನಕಾಂಬರ ಮುಗಿದರೆ ಮಲ್ಲಿಗೆ ರಾಶಿ ಇದ್ದರೂ ಮಾಲೆ ಮುಂದೆ ಹೋಗುವುದಿಲ್ಲ. ನೆರೆಮನೆಯಿಂದ ಕನಕಾಂಬರ ತಂದರೆ ಇಬ್ಬರ ಮಾಲೆಯೂ ಆಗುತ್ತದೆ. ಹಾಗೆಯೇ ರಾಗಿಯ ಕೊರತೆಯನ್ನು ಕಾಳು ತುಂಬುತ್ತದೆ. ಕಾಳಿನ ಕೊರತೆಯನ್ನು ರಾಗಿ ತುಂಬುತ್ತದೆ.

ಮುದ್ದೆಗೆ ಹುರುಳಿಕಾಳು ಸಾರು. ಇಡ್ಲಿಗೆ ಅಕ್ಕಿ ಮತ್ತು ಉದ್ದು. ಜೋಳದ ರೊಟ್ಟಿಗೆ ಹೆಸರುಕಾಳು ಪಲ್ಯ. ಅಕ್ಕಿ, ಹೆಸರುಬೇಳೆ ಹಾಕಿದ ಹುಗ್ಗಿ. ನಮ್ಮ ಅಜ್ಜಿಯರಿಗೆ ಮಣಿಯ ಹೆಸರು ಗೊತ್ತಿರಲಿಲ್ಲ, ಜೋಡಿ ಗೊತ್ತಿತ್ತು. ಎರಡೂ ಒಂದೇ ತಟ್ಟೆಯಲ್ಲಿ ಇರಲೇಬೇಕು ಅಂತಿಲ್ಲ. ಅದೇ ದಿನದಲ್ಲಿ ಸಿಕ್ಕರೆ ಸಾಕು. ಬಸ್ಸಾರು ಮಾಡಿದ ದಿನ ಕಟ್ಟಿನ ಸಾರಿನ ಜೊತೆ ಕಾಳು ಸೊಪ್ಪಿನ ಪಲ್ಯವನ್ನೂ ನಿಮ್ಮ ತಟ್ಟೆಗೆ ಹಾಕಿಕೊಳ್ಳಿ. ಪ್ರೋಟೀನು ಇರುವುದು ಅಲ್ಲಿ.

ಟಿ.ವಿ.ಯಲ್ಲಿ ತೋರಿಸುವ ಡಬ್ಬಿ ಪುಡಿಯ ವಿಚಾರವೂ ಕೇಳುತ್ತೀರಿ. ವೈದ್ಯರು ಬರೆದುಕೊಟ್ಟರೆ ಬೇರೆ ಮಾತು. ಇಲ್ಲದಿದ್ದರೆ ಆ ದುಡ್ಡಿಗೆ ಕಡಲೆಬೀಜ, ಹುರಿಗಡಲೆ, ಮೊಟ್ಟೆ ತರುವುದೇ ಲಾಭ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಪ್ರೋಟೀನು ಎಷ್ಟು ತಿನ್ನಬೇಕು ಅಂತ ವೈದ್ಯರನ್ನು ಕೇಳಿಯೇ ತಿನ್ನಬೇಕು.

ಬಸುರಿ, ಬಾಣಂತಿ, ಕೂಸು

ಬಸುರಿಯ ಮೈಯಲ್ಲಿ ಒಂದು ಹೊಸ ಮನೆಯೇ ಏಳುತ್ತಿರುತ್ತದೆ. ಬಾಣಂತಿಯ ಹಾಲಿನಲ್ಲಿ ಪ್ರೋಟೀನು ಹೋಗುತ್ತದೆ. ಅದು ತಾಯಿ ತಿಂದ ಊಟದಿಂದಲೇ ಬರಬೇಕು, ಸಾಲದಿದ್ದರೆ ಅವಳ ಮೈಯಿಂದ. ಆದರೂ ಬಾಣಂತಿಗೆ ಬೇಳೆ ಕೊಟ್ಟರೆ ವಾಯು, ಕಾಳು ಕೊಟ್ಟರೆ ನಂಜು ಅಂತ ಬರೀ ಅನ್ನ, ಮೆಣಸಿನ ಸಾರು ಹಾಕುವ ಮನೆಗಳಿವೆ. ಹೊಟ್ಟೆಗೆ ಒಗ್ಗುವುದಿಲ್ಲ ಅನ್ನಿಸಿದರೆ ಮೊದಲು ಹೆಸರುಬೇಳೆ ಮೆತ್ತಗೆ ಬೇಯಿಸಿ ಕೊಡಿ. ಮೊಟ್ಟೆ, ಹಾಲು ಕೊಡಿ. ಬಿಡಿಸಿಯೇ ಬಿಡಬೇಡಿ. ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಶುರುವಾಯಿತು. "ನಾಲ್ಕು ಜನರ ಮುಂದೆ ಹೋಗಿ ಉಣ್ಣೋಕೆ ನಾಚಿಕೆ" ಅನ್ನುವವರನ್ನು ನೋಡಿದ್ದೇವೆ. ಜೊತೆಗೆ ಇನ್ನೊಬ್ಬರು ಹೋದರೆ ನಾಚಿಕೆ ಅರ್ಧ ಆಗುತ್ತದೆ.

ಕೂಸಿಗೆ ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೇ ಸಾಕು. ಆಮೇಲೆ ಹಾಲಿನ ಜೊತೆ ಊಟ ಶುರು ಮಾಡಬೇಕು. ರಾಗಿ ಸರಿಗೆ ಮೂರು ಪಾಲು ರಾಗಿ ಹಾಕಿದರೆ ಒಂದು ಪಾಲು ಹೆಸರುಬೇಳೆ ಹಾಕಿ.

ಎರಡನೆಯ ಬಸುರು ನಿಂತಿತು ಅಂತ ಮೊದಲ ಕೂಸಿನ ಹಾಲು ಬಿಡಿಸಿ, ಬರೀ ಗಂಜಿಯಲ್ಲಿ ಬೆಳೆಸಿದರೆ ಏನಾಗುತ್ತದೆ? ಆಫ್ರಿಕಾದ ಘಾನಾ ದೇಶದಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಇದನ್ನು 1930ರ ದಶಕದಲ್ಲಿ ಕಂಡು ಬರೆದರು. ಮಕ್ಕಳ ಪಾದ, ಮುಖ ಊದುತ್ತಿದ್ದವು. ಕೂದಲು ಕೆಂಚಾಗುತ್ತಿತ್ತು. ಚರ್ಮ ಸುಲಿಯುತ್ತಿತ್ತು. ಅಲ್ಲಿಯ ತಾಯಂದಿರು ಆ ಕಾಯಿಲೆಗೆ ಕ್ವಾಷಿಯೋರ್ಕರ್ ಅನ್ನುತ್ತಿದ್ದರು. ಹೊಸ ಕೂಸು ಬಂದಾಗ ಹಳೆ ಕೂಸಿಗೆ ಬರುವ ಕಾಯಿಲೆ ಅಂತ ಅದರ ಅರ್ಥ. ವೈದ್ಯರ ಪುಸ್ತಕದಲ್ಲಿ ಈಗಲೂ ಅದೇ ಹೆಸರು. ತಾಯಂದಿರು ಇಟ್ಟ ಹೆಸರು! ಇದಕ್ಕೆ ಪ್ರೋಟೀನಿನ ಕೊರತೆ ಒಂದೇ ಕಾರಣವಲ್ಲ ಅಂತ ಈಗ ತಿಳಿದಿದೆ. ಒಟ್ಟು ಊಟದ ಕೊರತೆ, ಮತ್ತೆ ಮತ್ತೆ ಬರುವ ಭೇದಿ, ಸೋಂಕು ಇವೂ ಸೇರುತ್ತವೆ. ಮಗುವಿನ ಪಾದವನ್ನು ಹೆಬ್ಬೆರಳಿನಿಂದ ಒತ್ತಿದಾಗ ಗುಳಿ ಬಿದ್ದು ಹಾಗೇ ಉಳಿದರೆ ಅದು ದಪ್ಪ ಆಗಿರುವುದಲ್ಲ, ಊತ. ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಲೆಕ್ಕ ಮಾಡೋಣ

ಹೈದರಾಬಾದಿನಲ್ಲಿ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಇದೆ. 55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನು ಬೇಕು ಅಂತ 2020ರಲ್ಲಿ ಹೇಳಿತು. ಬಸುರಿಗೆ ಕೊನೆಯ ಮೂರು ತಿಂಗಳಲ್ಲಿ ಇನ್ನೂ 22 ಗ್ರಾಂ, ಬಾಣಂತಿಗೆ ಮೊದಲ ಆರು ತಿಂಗಳು ಇನ್ನೂ 17 ಗ್ರಾಂ ಬೇಕು.

ಬೇಯಿಸುವ ಮೊದಲು 100 ಗ್ರಾಂ ತೂಗಿದರೆ ಪ್ರೋಟೀನು ಸುಮಾರು ಇಷ್ಟು: ರಾಗಿಯಲ್ಲಿ 7 ಗ್ರಾಂ, ಅಕ್ಕಿಯಲ್ಲಿ 8 ಗ್ರಾಂ. ತೊಗರಿಬೇಳೆ, ಹುರುಳಿ, ಹೆಸರುಕಾಳಿನಲ್ಲಿ 22 ಗ್ರಾಂ. ಕಡಲೆಬೀಜದಲ್ಲಿ 24 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಒಂದು ಲೋಟ, ಅಂದರೆ 150 ಮಿಲಿ ಹಾಲಿನಲ್ಲಿ 5 ಗ್ರಾಂ.

ಈಗ ತಿಳಿ ಸಾರು ಉಂಡ ಅಕ್ಕನ ದಿನ ನೋಡಿ. 200 ಗ್ರಾಂ ರಾಗಿಯಿಂದ 14. 150 ಗ್ರಾಂ ಅಕ್ಕಿಯಿಂದ 12. ಸಾರಿನಲ್ಲಿ ಬಂದ ಒಂದು ಚಮಚ ಬೇಳೆಯಿಂದ 2. ಕೂಡಿಸಿದರೆ 28. ಬೇಕಾದದ್ದು 46. ಕಡಿಮೆ ಬಿದ್ದದ್ದು 18.

ಅದೇ ಅಕ್ಕ ಎರಡು ಹೊತ್ತೂ ಸೌಟನ್ನು ತಳಕ್ಕೆ ಬಿಟ್ಟಳು. ತನ್ನ ಪಾಲಿಗೆ 60 ಗ್ರಾಂ ಕಾಳು ಬಂತು. ಅದರಿಂದ 13. ಸಂಜೆ ಒಂದು ಹಿಡಿ, ಅಂದರೆ 30 ಗ್ರಾಂ ಕಡಲೆಬೀಜ ತಿಂದಳು. ಅದರಿಂದ 7. ರಾಗಿ, ಅಕ್ಕಿಯ 26 ಸೇರಿಸಿ ಕೂಡಿ ನೋಡಿ.

"ಹಾಗಾದ್ರೆ ಬೇರೆಯವರ ಪಾಲು ಕಿತ್ಕೋಬೇಕಾ?" ಅಂತ ಕೇಂದ್ರದಲ್ಲಿ ಒಬ್ಬರು ಕೇಳಿದರು. ಇನ್ನೊಬ್ಬರೇ ಉತ್ತರ ಕೊಟ್ಟರು: "ಕುಕ್ಕರಿಗೆ ಹಾಕುವಾಗಲೇ ನಮ್ಮ ಪಾಲಿಂದು ಒಂದು ಹಿಡಿ ಜಾಸ್ತಿ ಹಾಕೋದು. ಬಡಿಸೋಕೆ ಮುಂಚೆ ಒಂದು ಬಟ್ಟಲು ತೆಗೆದಿಡೋದು." ನಾವೂ ಅದನ್ನೇ ಹಲಗೆಯ ಮೇಲೆ ಬರೆದೆವು.

ನೀವೇ ಮಾಡಿ

1. ನಿನ್ನೆ ನೀವು ಉಂಡದ್ದನ್ನು ನೆನಪು ಮಾಡಿ ಬರೆಯಿರಿ. ರಾಗಿ ಎಷ್ಟು, ಅಕ್ಕಿ ಎಷ್ಟು, ಕಾಳು ಎಷ್ಟು? ಪ್ರೋಟೀನು ಕೂಡಿಸಿ. 46ಕ್ಕೆ ಎಷ್ಟು ಕಡಿಮೆ?

2. ಬಾಣಂತಿಗೆ ಮೊದಲ ಆರು ತಿಂಗಳಲ್ಲಿ ದಿನಕ್ಕೆ ಒಟ್ಟು ಎಷ್ಟು ಗ್ರಾಂ ಬೇಕು? ಕೂಡಿಸಿ ಬರೆಯಿರಿ.

3. ಈ ಮಾತುಗಳನ್ನು ಎರಡು ಸಲ ಬರೆಯಿರಿ: ಪ್ರೋಟೀನು, ಕಿಣ್ವ, ಹಿಮೋಗ್ಲೋಬಿನ್, ಹುರುಳಿಕಾಳು.

4. ಸರ, ರಸ ಇದ್ದ ಹಾಗೆ ತಿರುಗಿಸಿದರೆ ಬೇರೆ ಅರ್ಥ ಬರುವ ಇನ್ನೊಂದು ಜೋಡಿ ಹುಡುಕಿ. ಸಿಕ್ಕಿದವರು ನಾಳೆ ಹಲಗೆಯ ಮೇಲೆ ಬರೆಯಿರಿ.